ಸೊಸೆ ಡಬ್ಬ ಒಪ್ಪಿಸಿದ ಬೇಸಿಗೆ

ಹೋದ ತಿಂಗಳು ಕಣ್ಣು ತೋರಿಸುವುದಕ್ಕೆ ತುಮಕೂರಿಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ಸು ಮಂಡಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಕಿಟಕಿಯಿಂದ ಹೊಸ ಹುಣಸೆಹಣ್ಣಿನ ವಾಸನೆ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಬಾಯಲ್ಲಿ ನೀರು ಬಂತು ಅಂತ ನಕ್ಕಳು. ನಾನು ಕಿಟಕಿ ಎಳೆದು ಮುಚ್ಚಿದೆ. ಮೂರು ವರ್ಷದ ಹಿಂದಿನ ಹುಣಸೆ ಕಾಲದಲ್ಲಿ ನನ್ನ ಸೊಸೆ ಶೈಲಾ ಸಾಯುವುದಕ್ಕೆ ತಯಾರಾಗುತ್ತಿದ್ದಳು. ನಾನು ಅವಳ ಮಗ್ಗುಲಲ್ಲೇ ಕೂತು ಹಣ್ಣು ಬಿಡಿಸುತ್ತಾ, ಇವಳು ಬಸುರಿ ಅಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಇದನ್ನು ಬರೆಯಿರಿ ಅಂದವಳು ಶೈಲಾನೇ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿದೆ, ಕಾಗುಣಿತ ಅವಳೇ ತಿದ್ದುತ್ತಾಳೆ. ಒಂದು ಒತ್ತಕ್ಷರ ಹೆಚ್ಚುಕಮ್ಮಿಯಾದರೂ ಅವಳಿಗೆ ಆಗುವುದಿಲ್ಲ.

ನಮ್ಮದು ಗುಬ್ಬಿಯಿಂದ ಹಾಗಲವಾಡಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಬದುವಿನ ಮೇಲೆ ನಾಲ್ಕು ಹುಣಸೆ ಮರ. ಮಗ ಗಂಗಾಧರ ತುಮಕೂರಿನ ಹೊರಗೆ ಒಂದು ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗಿಬರುತ್ತಾನೆ. ಶೈಲಾ ಅವನ ಹೆಂಡತಿ. ಕುಣಿಗಲ್ ಕಡೆಯವಳು, ಯಡಿಯೂರಿನ ಪಕ್ಕದ ಹಳ್ಳಿ. ಅವರಿಗೆ ಒಬ್ಬಳೇ ಮಗಳು, ಅನು. ಆಗ ಮೂರನೇ ಕ್ಲಾಸು.

ಸೊಸೆಯ ಬಗ್ಗೆ ನಾನು ಜಂಬ ಕೊಚ್ಚಿಕೊಂಡಷ್ಟು ನಮ್ಮೂರಿನ ಇನ್ಯಾವ ಅತ್ತೆಯೂ ಕೊಚ್ಚಿಕೊಂಡಿಲ್ಲ. ಅವಳು ಕಟ್ಟಿದ ಮುದ್ದೆಗಳನ್ನು ತಕ್ಕಡಿಗೆ ಹಾಕಿದರೆ ಎಲ್ಲವೂ ಒಂದೇ ತೂಕ ಬರುತ್ತವೆ ಅನ್ನುತ್ತಿದ್ದೆ. ನಾನು ತೊಳೆದಿಟ್ಟ ಲೋಟಗಳನ್ನು, ನಾನು ಆ ಕಡೆ ಹೋದ ಮೇಲೆ, ಅವಳು ಇನ್ನೊಂದು ಸಲ ತೊಳೆಯುತ್ತಿದ್ದಳು. ನನಗೆ ಗೊತ್ತಿತ್ತು. ಸುಮ್ಮನಿದ್ದೆ, ಲೋಟ ಹೊಳೆಯುತ್ತಿತ್ತಲ್ಲ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾದರೆ ಮೂರು ದಿನ "ತಪ್ಪಾಯ್ತು ಅತ್ತೆ" ಅನ್ನುತ್ತಿದ್ದಳು. "ನೀರ್ ಹುಯ್ಕಂಡ್ ತಿಂದಾಯ್ತಲ್ಲ, ಬುಡು" ಅಂದರೂ ಬಿಡುತ್ತಿರಲಿಲ್ಲ. ಆ ತಪ್ಪನ್ನು ಎಲ್ಲೋ ಒಳಗೆ ಒಗೆದು ಮಡಚಿ ಇಟ್ಟುಕೊಳ್ಳುತ್ತಿದ್ದಳು. ಅದನ್ನೇ ನಾವು ಒಳ್ಳೆ ಗುಣ ಅಂದೆವು. ಊರಿನ ಬೇರೆ ಸೊಸೆಯರನ್ನು ಅವಳ ಪಕ್ಕ ನಿಲ್ಲಿಸಿ ಅಳೆದೆವು.

ಆ ವರ್ಷ ನಮ್ಮ ಕಣ್ಣೆಲ್ಲ ಇದ್ದದ್ದು ನನ್ನ ಮಗಳು ಮಂಜುಳನ ಮೇಲೆ. ಅವಳನ್ನು ತುಮಕೂರಿನ ಆಚೆ ಕೋರ ಅನ್ನುವ ಊರಿಗೆ ಕೊಟ್ಟಿದ್ದೇವೆ. ಸಂಕ್ರಾಂತಿ ಕಳೆದ ವಾರ ಅವಳ ಗಂಡ ಕರೆದುಕೊಂಡು ಬಂದು, "ಒಂದ್ ನಾಕ್ ತಿಂಗ್ಳು ನಿಮ್ಮತ್ರ ಇರ್ಲಿ ಅತ್ತೆ, ಅಲ್ಲಿ ಯಾರ್ ಕೈಲೂ ಆಗ್ತಿಲ್ಲ" ಅಂತ ಬಿಟ್ಟು ಹೋದ. ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಖಿನ್ನತೆ ಅಂದಿದ್ದರು, ಮಾತ್ರೆ ಶುರುವಾಗಿತ್ತು. ಮಂಜುಳ ಚಿಕ್ಕಂದಿನಿಂದಲೂ ಗಂಟಲಿನವಳು. ಕಾಯಿಲೆಯಲ್ಲೂ ಹಾಗೆಯೇ. ಅತ್ತರೆ ಬೀದಿಗೆ ಕೇಳಬೇಕು. ಕಾಫಿ ಆರಿತ್ತು ಅಂತ ಲೋಟ ಎಸೆಯುತ್ತಿದ್ದಳು, ಅರ್ಧ ಗಂಟೆ ಬಿಟ್ಟು ನನ್ನ ಮಡಿಲಲ್ಲಿ ತಲೆಯಿಟ್ಟು ಅಳುತ್ತಿದ್ದಳು. "ನಾನ್ ಸತ್ತೋಗ್ತೀನಿ, ಆಗ ನಿಮ್ಗೆಲ್ಲ ನೆಮ್ದಿ" ಅನ್ನುವುದು ದಿನಕ್ಕೆ ಎರಡು ಸಲ.

ನಾನು ಒರಟು ಬಾಯಿಯವಳು. "ಸಾಯೋದಾದ್ರೆ ಉಂಡು ಸಾಯಿ, ಮುದ್ದೆ ಆರೋಗ್ತದೆ" ಅಂದುಬಿಟ್ಟೆ ಒಂದು ದಿನ. ಆಸ್ಪತ್ರೆಯ ಡಾಕ್ಟರಮ್ಮನಿಗೆ ಮಂಜುಳ ಅದನ್ನು ಹೇಳಿದಳು. ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವರಂತೆ ಕಾಣುತ್ತಿದ್ದರು, ಆದರೂ ನನ್ನನ್ನು ಕೂರಿಸಿಕೊಂಡು ಚೆನ್ನಾಗಿ ಬೈದರು.

"ಅಜ್ಜಿ, ಕೂಗೋರು ಏನೂ ಮಾಡ್ಕೊಳ್ಳಲ್ಲ ಅನ್ನೋದು ಸುಳ್ಳು. ಇವರದು ದುಡುಕು ಸ್ವಭಾವ. ಆ ಹತ್ತು ನಿಮಿಷದ ರೋಷದಲ್ಲಿ ಏನು ಬೇಕಾದ್ರೂ ಆಗ್ಬೋದು. ಆ ಹತ್ತು ನಿಮಿಷ ನೀವು ಪಕ್ಕದಲ್ಲಿರಿ, ಅಷ್ಟೆ. ಮಾತಾಡ್ಬೇಕು ಅಂತಿಲ್ಲ."

"ಸುಮ್ನೆ ಕೂತ್ಕಳೋದು ನಂಗೆ ಬರಲ್ವಲ್ಲಮ್ಮ" ಅಂದೆ.

"ಕಲ್ತುಕೊಳ್ಳಿ" ಅಂದರು.

ಹದಿನೈದು ದಿನಕ್ಕೊಂದು ಸಲ ನಾವು ಮೂವರೂ ಬಸ್ಸು ಹತ್ತುತ್ತಿದ್ದೆವು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಶೈಲಾ ಅನುವಿನ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮಾತ್ರೆ ಮನೆಯವರ ಕೈಯಲ್ಲಿರಬೇಕು. ಒಬ್ಬಳನ್ನೇ ಬಿಡಬಾರದು. ಊಟ, ನಿದ್ದೆ ಗಮನಿಸಬೇಕು. ಇನ್ನೊಂದು ಮಾತನ್ನೂ ಅವರು ಹೇಳಿದ್ದರು: ಕಾಯಿಲೆಯವರು ಇದ್ದಕ್ಕಿದ್ದ ಹಾಗೆ ತಣ್ಣಗಾಗಿ, ತಮ್ಮ ವಸ್ತುಗಳನ್ನು ಹಂಚುವುದು, ಎಲ್ಲರ ಹತ್ತಿರ ತಪ್ಪಾಯ್ತು ಅನ್ನುವುದು, ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದು ಕಂಡರೆ ಒಂದು ದಿನವೂ ಕಾಯದೆ ಕರೆದುಕೊಂಡು ಬನ್ನಿ. ಶೈಲಾ ಅದನ್ನೂ ಬರೆದು, ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಳು.

ಮಂಜುಳ ಏನನ್ನೂ ಹಂಚಲಿಲ್ಲ. ಮಾವಿನಕಾಯಿ ಉಪ್ಪಿನಕಾಯಿಯ ಕೊನೆಯ ಹೋಳಿಗೂ ಅನುವಿನ ಜೊತೆ ಜಗಳ ಆಡುತ್ತಿದ್ದಳು. ನಾನು ಧೈರ್ಯವಾಗಿದ್ದೆ.

ಶಿವರಾತ್ರಿ ಕಳೆದ ಮೇಲೆ ಹುಣಸೆ ಮರ ಬಡಿಸಿದೆವು. ಕಾಯಿ ಬಿಸಿಲಿಗೆ ಒಣಗಿಸಿ, ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಿ, ಉಪ್ಪು ಹಾಕಿ ಮಡಕೆಗೆ ತುಂಬುವ ಕೆಲಸ. ಒಬ್ಬರಿಂದ ಆಗುವುದಲ್ಲ, ಬಾಯಿ ಸುಮ್ಮನಿಟ್ಟುಕೊಂಡು ಮಾಡುವುದೂ ಅಲ್ಲ. ಪಕ್ಕದ ಮನೆಯ ಲಕ್ಷ್ಮಕ್ಕ ದಿನಾ ಬೆಳಿಗ್ಗೆ ಸಿಪ್ಪೆ ಒಡೆಯುವ ತನ್ನ ಮರದ ಕೊಡತಿ ಹಿಡಿದುಕೊಂಡೇ ನಮ್ಮ ಜಗಲಿಗೆ ಬರುತ್ತಿದ್ದಳು. ಆ ವರ್ಷ ಬಿಸಿಲು ಬೇಗ ಏರಿತ್ತು. ಹತ್ತು ಗಂಟೆಗೆಲ್ಲ ಅಂಗಳದ ಮಣ್ಣು ಕಾಲು ಸುಡುತ್ತಿತ್ತು, ಕೈಯೆಲ್ಲ ಅಂಟು, ನೊಣ ಓಡಿಸುವುದಕ್ಕೆ ಇನ್ನೊಂದು ಕೈ ಬೇಕಾಗುತ್ತಿತ್ತು.

"ಏನೇ ಶೈಲಾ, ಈ ಪಾಟಿ ಮಡಕೆ ತುಂಬ್ತಾ ಇದೀಯ. ಊರಿಗೆಲ್ಲ ಸಾರು ಕಾಯ್ಸೀಯಾ?" ಅಂದಳು ಲಕ್ಷ್ಮಕ್ಕ ಒಂದು ದಿನ.

"ಎರಡು ವರ್ಷಕ್ಕಾಗ್ಲಿ ಅಂತ ಅಕ್ಕ" ಅಂದಳು ಶೈಲಾ.

"ನಮ್ಮತ್ತಿಗೆಗೆ ಕೆಲ್ಸ ಇಲ್ದಿದ್ರೆ ಕೈ ಕಡಿತದೆ ಲಕ್ಷ್ಮಕ್ಕ. ನಂಗೆ ಈ ಬೀಜ ನೋಡಿದ್ರೇ ತಲೆ ಕೆಡ್ತದೆ" ಅಂದಳು ಮಂಜುಳ.

"ನೀನು ಬಿಡಿಸಿದ್ದಕ್ಕಿಂತ ತಿಂದಿದ್ದೇ ಜಾಸ್ತಿ ಕಣೇ. ಎದ್ದು ಬಾಯಿ ತೊಳ್ಕ ಹೋಗು" ಅಂತ ನಾನು ಗದರಿದೆ.

ಎಲ್ಲರೂ ನಕ್ಕೆವು. ಶೈಲಾಳೂ ನಕ್ಕಳು, ನಗುವ ಸಮಯ ಬಂತು ಅಂತ ನೆನಪಾದವಳ ಹಾಗೆ ಸ್ವಲ್ಪ ತಡವಾಗಿ. ಲಕ್ಷ್ಮಕ್ಕ ಅವಳನ್ನೇ ನೋಡಿ, ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು. "ಸೊಸೆ ಸೊರಗವ್ಳೆ. ಅನ್ನ ಸೇರ್ತಿಲ್ಲ ಅನ್ಸ್ತದೆ. ಏನಾರ ಇಶೇಷನಾ?"

ಆ ಒಂದು ಮಾತು ನನ್ನ ಬುದ್ಧಿ ಕೆಡಿಸಿತು. ಅನು ಆದ ಮೇಲೆ ಎಂಟು ವರ್ಷದಿಂದ ಇನ್ನೊಂದು ಆಗಲಿ ಅಂತ ನಾನು ಕಾದಿದ್ದೆ. ಆಮೇಲೆ ನೋಡಿದ್ದೆಲ್ಲ ಅದೇ ಆಗಿ ಕಂಡಿತು. ತಟ್ಟೆ ಮುಂದೆ ಕೂತು ತುತ್ತು ಉರುಳಿಸುವುದು ಬಸುರಿಯ ಓಕರಿಕೆ. ಬೆಳಗಾಗುವ ಮೊದಲೇ ಎದ್ದು ಕೂರುವುದು ಬಸುರಿಯ ಸಂಕಟ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತು ಕಣ್ಣು ಕೆಂಪು ಮಾಡಿಕೊಂಡು ಬರುವುದು ಬಸುರಿಯ ದುಗುಡ. ತನ್ನ ಎರಡು ರೇಷ್ಮೆ ಸೀರೆಗಳನ್ನು ಮಂಜುಳನಿಗೆ ಕೊಟ್ಟು "ನಂಗಿನ್ನು ಬೇಡ, ನೀನು ಉಟ್ಕೋ" ಅಂದಾಗಲೂ, ಹೌದಲ್ಲ, ಹೊಟ್ಟೆ ಬಂದ ಮೇಲೆ ರೇಷ್ಮೆ ಯಾಕೆ ಅಂದುಕೊಂಡೆ. ಮೂರು ತಿಂಗಳು ತುಂಬುವವರೆಗೆ ಅದನ್ನು ಬಾಯಿಬಿಟ್ಟು ಕೇಳುವುದು ನಮ್ಮಲ್ಲಿಲ್ಲ, ದೃಷ್ಟಿಯಾಗುತ್ತದೆ ಅನ್ನುತ್ತಾರೆ. ಜೀವಮಾನದಲ್ಲಿ ಕೇಳಬೇಕಾದ್ದು ಬೇಡದ್ದು ಎಲ್ಲ ಕೇಳಿದವಳು ನಾನು, ಆ ಒಂದು ವಿಷಯಕ್ಕೆ ಬಾಯಿ ಹೊಲಿದುಕೊಂಡೆ.

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇದೆ, ನನ್ನ ಅತ್ತೆಯ ಕಾಲದಿಂದ ಬಂದದ್ದು. ಅಡಿಗೆಮನೆ ನೋಡಿಕೊಳ್ಳುವ ಹೆಂಗಸು ಬಾಣಂತನಕ್ಕೆ ತವರಿಗೆ ಹೋಗುವಾಗ, ಮನೆಯಲ್ಲಿ ಉಳಿಯುವವಳಿಗೆ ಡಬ್ಬ ಒಪ್ಪಿಸಿ ಹೋಗಬೇಕು. ತಲೆಗೆ ನೀರು ಹುಯ್ದುಕೊಂಡು, ವಿಭೂತಿ ಇಟ್ಟುಕೊಂಡು, ಒಂದೊಂದೇ ಡಬ್ಬ ಮುಟ್ಟಿಸಿ ಇದು ಇಂಥದ್ದು, ಇಷ್ಟು ದಿನಕ್ಕೆ ಬರುತ್ತದೆ ಅಂತ ಹೇಳಬೇಕು. ಎಲ್ಲ ಮುಗಿದ ಮೇಲೆ ಒಪ್ಪಿಸಿಕೊಂಡವಳು "ಸುಖವಾಗಿ ಹೋಗಿ ಬಾ" ಅನ್ನಬೇಕು. ಅನು ಹುಟ್ಟುವಾಗಲೂ ಶೈಲಾ ಹಾಗೇ ಒಪ್ಪಿಸಿ ಹೋಗಿದ್ದಳು.

ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಗಂಗಾಧರ ಡ್ಯೂಟಿಗೆ, ಅನು ಸ್ಕೂಲಿಗೆ ಹೋದ ಮೇಲೆ ಶೈಲಾ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬಂದು, "ಅತ್ತೆ, ಒಂಚೂರು ಒಳಗ್ ಬನ್ನಿ" ಅಂದಳು. ಕೈ ಹಿಡಿದು ಕರೆದುಕೊಂಡು ಹೋದಳು. ಡಬ್ಬಗಳಿಗೆಲ್ಲ ಹೊಸ ಚೀಟಿ ಅಂಟಿಸಿದ್ದಳು, ನನಗೆ ಕಾಣಲಿ ಅಂತ ದಪ್ಪ ಅಕ್ಷರದಲ್ಲಿ. ಉದ್ದಿನಬೇಳೆ, ತೊಗರಿ, ಸಾರಿನ ಪುಡಿ. ಸಾರಿನ ಪುಡಿ ಎರಡು ಡಬ್ಬ ತುಂಬಿತ್ತು. ಗ್ಯಾಸ್ ಬುಕ್ ಮಾಡುವ ನಂಬರು ಗೋಡೆಯ ಮೇಲೆ. ಮಂಜುಳನ ಮಾತ್ರೆ ಯಾವ ಹೊತ್ತಿಗೆ ಯಾವುದು ಅಂತ ಒಂದು ಚೀಟಿ. ಅಷ್ಟಕ್ಕೆ ನಿಲ್ಲಲಿಲ್ಲ.

"ಅನುಗೆ ಜಡೆ ಹಾಕೋವಾಗ ಬೈತಲೆ ಎಡಗಡೆಗೆ ಸೊಟ್ಟ ಹೋಗ್ತದೆ ಅತ್ತೆ. ಸ್ವಲ್ಪ ನೋಡ್ಕಂಡ್ ಹಾಕಿ. ಬಿಗಿ ಮಾಡಿದ್ರೆ ಅಳ್ತಾಳೆ."

ಇಷ್ಟು ಬೇಗ ತವರಿಗೆ ಹೊರಟಳಲ್ಲ, ಮಗಳನ್ನು ಕರೆದುಕೊಂಡು ಹೋಗುವುದಿಲ್ಲವೇ ಅಂತ ಒಂದು ಕ್ಷಣ ಅನ್ನಿಸಿತು. ಅನ್ನ ಸೇರದವಳಿಗೆ ತವರಿನ ಆರೈಕೆ ಬೇಕು, ಅನುವಿಗೆ ಸ್ಕೂಲಿದೆಯಲ್ಲ ಅಂತ ನಾನೇ ಉತ್ತರವನ್ನೂ ಹೇಳಿಕೊಂಡೆ. ಅವಳ ತಲೆಯ ಮೇಲೆ ಕೈಯಿಟ್ಟು, "ಸುಖವಾಗಿ ಹೋಗಿ ಬಾ" ಅಂದೆ.

ಶೈಲಾ ನನ್ನ ಕಾಲಿಗೆ ಬಿದ್ದಳು. ಎದ್ದಾಗ ಅವಳ ಮುಖ ಎಷ್ಟೋ ದಿನದ ಮೇಲೆ ಹಗುರವಾಗಿತ್ತು. ಅದನ್ನು ನೋಡಿ ನನಗೂ ಹಗುರವಾಯಿತು. ಇವತ್ತಿಗೂ ಆ ಮುಖ ನೆನಪಾದರೆ ನಾನು ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ಓಡಾಡುತ್ತೇನೆ.

ಮರುದಿನ ಹತ್ತು ಗಂಟೆ ತನಕ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಶೈಲಾ ಹಿತ್ತಲಲ್ಲಿ ಉಳಿದ ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಜಗಲಿಯಿಂದ ಅವಳ ತಾಯಿ ಗೌರಮ್ಮನಿಗೆ ಫೋನ್ ಮಾಡಿದೆ.

"ಏನ್ ಬೀಗರೇ, ಯಾವಾಗ ಕರ್ಸ್ಕಂತೀರಾ ಮಗಳ್ನ?"

"ಯಾಕೆ? ಏನಾರ ಜಗಳ ಆಯ್ತಾ?" ಗೌರಮ್ಮನ ದನಿ ಗಟ್ಟಿಯಾಗಿತ್ತು.

"ಜಗಳ ಯಾಕಾಯ್ತದೆ? ನಿನ್ನೆ ಡಬ್ಬ ಒಪ್ಸವ್ಳೆ. ನಂಗೆಲ್ಲ ಗೊತ್ತಾಯ್ತು ಬುಡಿ, ಇನ್ನೂ ಎಷ್ಟ್ ದಿನ ಮುಚ್ಚಿಡ್ತೀರಾ?"

ಗೌರಮ್ಮನ ದನಿ ಇಳಿಯಿತು. "ಬರ್ತೀನಿ ಅಂತ ನಮ್ಗೇನೂ ಹೇಳಿಲ್ವಲ್ಲ. ನೀವ್ ಅಂದ್ಕಂಡಿರೋದೂ ಇಲ್ಲ, ಹೋದ್ ವಾರ ತಾನೆ ಮುಟ್ಟಾಗಿದೀನಿ ಅಂದ್ಲು. ಮೊನ್ನೆ ಫೋನ್ ಮಾಡಿ, ಅವ್ವ, ನನ್ನಿಂದ ಏನಾರ ತಪ್ಪಾಗಿದ್ರೆ ಮನ್ಸಲ್ಲಿ ಇಟ್ಕಬ್ಯಾಡ ಅಂದ್ಲು. ನೀವೇ ಏನೋ ಅಂದಿದೀರಾ ಅಂತ ನಾನು ನಿಮ್ಮನ್ನ ಬೈಕಂಡು ಕೂತಿದೀನಿ."

ಫೋನು ಕೈಯಲ್ಲೇ ಇತ್ತು. ಅನುವಿನ ಹಳೇ ನೋಟ್‌ಬುಕ್ಕು ಕಣ್ಣ ಮುಂದೆ ಬಂತು. ತಣ್ಣಗಾಗುವುದು. ಹಂಚುವುದು. ತಪ್ಪಾಯ್ತು ಅನ್ನುವುದು. ವಹಿಸುವುದು. ಎಲ್ಲವನ್ನೂ ನಾವು ಮಂಜುಳನ ಮುಖದಲ್ಲಿ ಹುಡುಕಿದ್ದೆವು. ಆ ಗೆರೆ ಎಳೆದವಳ ಮುಖವನ್ನು ಒಬ್ಬರೂ ನೋಡಿರಲಿಲ್ಲ.

ಹಿತ್ತಲಿಗೆ ಹೋದೆ. ತೆಂಗಿನ ಮರದ ನೆರಳಲ್ಲಿ ಅವಳು ಕೂತಿದ್ದಳು. ಒಂದು ಕಡೆ ಸಿಪ್ಪೆ ಬೀಜದ ರಾಶಿ, ಇನ್ನೊಂದು ಕಡೆ ಬಿಡಿಸಿದ ಹಣ್ಣಿನ ಕುಕ್ಕೆ. ನನಗೆ ಸುತ್ತಿ ಬಳಸಿ ಕೇಳುವುದು ಬರುವುದಿಲ್ಲ.

"ಶೈಲಾ, ನೀನೇನ್ ಸಾಯ್ಬೇಕು ಅಂತಿದೀಯಾ?"

ಅವಳು ಬೆಚ್ಚಲಿಲ್ಲ. ಯಾಕೆ ಹೀಗೆ ಕೇಳ್ತೀರಿ ಅನ್ನಲಿಲ್ಲ. ಕೈಯಲ್ಲಿದ್ದ ಹಣ್ಣಿನ ನಾರನ್ನು ಪೂರ್ತಿ ಎಳೆದು ಪಕ್ಕಕ್ಕಿಟ್ಟು, ಹಣ್ಣು ಕುಕ್ಕೆಗೆ ಹಾಕಿ, ಆಮೇಲೆ ಹೇಳಿದಳು.

"ಇನ್ನೊಂದು ಮಡಕೆ ತುಂಬೋದಿತ್ತು ಅತ್ತೆ. ಅದೊಂದು ಮುಗೀಲಿ ಅಂತ ಇದ್ದೆ."

ಕೆಲಸ ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ಅವಳು. ಆ ಒಂದು ಮಡಕೆ ಅವಳನ್ನು ಅಲ್ಲಿ ಕೂರಿಸಿತ್ತು. ನನಗೆ ಏನು ತೋಚಿತೋ, ಆ ಕುಕ್ಕೆಯನ್ನು ಎರಡೂ ಕೈಯಲ್ಲಿ ಎತ್ತಿ, ಬಿಡಿಸಿದ ಹಣ್ಣನ್ನೆಲ್ಲ ಸಿಪ್ಪೆ ಬೀಜದ ರಾಶಿಯ ಮೇಲೆ ಸುರಿದುಬಿಟ್ಟೆ. ಕಾಲಿನಿಂದ ಕಲೆಸಿದೆ.

"ಮುಗಿಯಲ್ಲ ಬುಡು ಇನ್ನು" ಅಂದೆ.

ಶೈಲಾ "ಅಯ್ಯೋ ಅತ್ತೆ" ಅಂದಳು. ಹಣ್ಣು ಆರಿಸುವುದಕ್ಕೆ ಕೈ ಮುಂದೆ ಮಾಡಿದಳು, ಆಗಲಿಲ್ಲ. ಅಲ್ಲೇ ಮುಂದಕ್ಕೆ ಬಾಗಿ ಅತ್ತಳು. ಅಂಥ ಅಳು ನಾನು ಕೇಳಿರಲಿಲ್ಲ, ದನಿಯೇ ಇಲ್ಲ, ಬೆನ್ನು ಮಾತ್ರ ಕುಲುಕುತ್ತಿತ್ತು. ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಪಕ್ಕದಲ್ಲಿ ಕೂತೆ. ಏನೂ ಮಾತಾಡಲಿಲ್ಲ. ಎದ್ದು ಬಂದ ಮಂಜುಳ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಬಂದು ಅತ್ತಿಗೆಯ ಇನ್ನೊಂದು ಮಗ್ಗುಲಲ್ಲಿ ಕೂತು, ಅಂಟು ಕೈಯನ್ನು ಹಿಡಿದುಕೊಂಡಳು.

"ನಾನಾದ್ರೂ ಕೂಗ್ತೀನಿ ಅತ್ತಿಗೆ. ನೀವ್ ಹೆಂಗ್ ತಡ್ಕಂಡಿದ್ರಿ?"

ಎಷ್ಟು ದಿನದಿಂದ, ಏನು ಮಾಡಿಕೊಳ್ಳಬೇಕು ಅಂತಿದ್ದಳು, ಅದೆಲ್ಲ ಅವಳು ಆಮೇಲೆ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದ್ದನ್ನು ಬರೆಯುತ್ತೇನೆ. "ನನ್ ಕೈಲಿ ಯಾವ್ದೂ ಸರ್ಯಾಗಿ ಆಗ್ತಿಲ್ಲ ಅತ್ತೆ. ಎಲ್ರಿಗೂ ನಾನು ಭಾರ. ನಾನಿಲ್ದಿದ್ರೂ ನಡೀಲಿ ಅಂತ ಎಲ್ಲ ಜೋಡಿಸ್ತಾ ಇದ್ದೆ." ಇಡೀ ಮನೆಯನ್ನು ಹೊತ್ತವಳಿಗೆ ತಾನೇ ಭಾರ ಅನ್ನಿಸಿತ್ತು. ನಾನು ವಾದ ಮಾಡಲಿಲ್ಲ. ಲಕ್ಷ್ಮಕ್ಕನ ಅಳಿಯನ ಕಾರಿನಲ್ಲಿ ಅವತ್ತು ಮಧ್ಯಾಹ್ನವೇ ತುಮಕೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯಲ್ಲಿತ್ತು. ಗುಬ್ಬಿ ದಾಟಿದ ಮೇಲೆ ಅವಳು, "ಅನು ಸ್ಕೂಲಿಂದ ಬರೋ ಹೊತ್ತಿಗೆ ಮನೇಲಿ ಯಾರಿರ್ತಾರೆ?" ಅಂದಳು.

"ಲಕ್ಷ್ಮಕ್ಕನ ಜೊತೆ ಮಂಜುಳ ಅವ್ಳೆ. ಜಡೆ ಸೊಟ್ಟ ಹಾಕ್ತಾಳೆ. ಹಾಕ್ಲಿ ಬುಡು" ಅಂದೆ.

ಕಾರ್ಖಾನೆಯಿಂದ ನೇರ ಆಸ್ಪತ್ರೆಗೆ ಬಂದ ಗಂಗಾಧರ ಯೂನಿಫಾರ್ಮಿನಲ್ಲೇ ಬೆಂಚಿನ ಮೇಲೆ ಕುಸಿದ. "ಚೆನ್ನಾಗೇ ಇದ್ಲಲ್ಲವ್ವ" ಅನ್ನುವುದು ಬಿಟ್ಟರೆ ಅವನ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಡಾಕ್ಟರಮ್ಮ ಮೊದಲು ಶೈಲಾಳ ಜೊತೆ ತುಂಬಾ ಹೊತ್ತು ಒಬ್ಬರೇ ಮಾತಾಡಿದರು. ಆಮೇಲೆ ನಮ್ಮನ್ನು ಒಳಗೆ ಕರೆದರು.

"ನಾನೂ ನೋಡ್ಲಿಲ್ಲ ಅಜ್ಜಿ. ಎರಡು ತಿಂಗಳಿಂದ ನನ್ನ ಮುಂದೇನೇ ಕೂತು ಬರ್ಕೊಳ್ತಾ ಇದ್ರು" ಅಂದರು. ಅಷ್ಟು ಓದಿದವರು ಹಾಗಂದಿದ್ದು ನನಗೆ ಅವರ ಮೇಲೆ ಗೌರವ ತಂದಿತು.

"ನಾನ್ ಹಂಗ್ ನೆಟ್ಟಗೆ ಕೇಳ್ಬಾರ್ದಿತ್ತೇನೋ. ಇಲ್ಲದ್ದನ್ನ ತಲೇಲಿ ಹಾಕ್ದಂಗಾಯ್ತಾ?" ಅಂತ ಕೇಳಿದೆ. ದಾರಿಯಲ್ಲಿ ನನ್ನನ್ನು ತಿನ್ನುತ್ತಿದ್ದದ್ದು ಅದೇ.

"ಇಲ್ಲ. ಹಾಗೆ ಕೇಳೋರು ಸಿಗದೇನೇ ಜನ ಹೋಗಿಬಿಡ್ತಾರೆ. ಕೇಳಿದ್ರೆ ಒಳಗಿನ ಬಾಗಿಲು ಸ್ವಲ್ಪ ತೆಗೆಯುತ್ತೆ."

"ಇವ್ಳು ಅಚ್ಚುಕಟ್ಟು ಅಂತ ಊರೆಲ್ಲ ಮೆರೆಸ್ದೆ ಕಣಮ್ಮ."

"ಅಚ್ಚುಕಟ್ಟು ಒಳ್ಳೇದೇ. ಆದ್ರೆ ತನ್ನದು ಒಂಚೂರು ತಪ್ಪಾದ್ರೂ ತಡೀದವರು, ಯಾರ ಸಹಾಯಾನೂ ಕೇಳದವರು, ಎಲ್ಲ ತಪ್ಪನ್ನೂ ತನ್ನ ತಲೆಗೇ ಹಾಕ್ಕೊಳ್ಳೋರು, ಇವರಿಗೆ ಈ ಕಾಯಿಲೆ ಬಂದಾಗ ಆ ಗುಣ ಕಾಯಿಲೆ ಕಡೆ ಸೇರ್ಕೊಂಡು ಕೆಲಸ ಮಾಡುತ್ತೆ. ಸದ್ದಿಲ್ಲದೆ, ಅಚ್ಚುಕಟ್ಟಾಗಿ. ಮಂಜುಳಾ ಅವರ ಅಪಾಯ ನಮಗೆ ಕೇಳ್ಸುತ್ತೆ, ಇವರದು ಕೇಳ್ಸಲ್ಲ. ಇಬ್ಬರನ್ನೂ ಕಾಯ್ಬೇಕು, ಬೇರೆ ಬೇರೆ ಥರ. ಇಬ್ಬರಿಗೂ ವಾಸಿಯಾಗುತ್ತೆ."

ಹನ್ನೊಂದು ದಿನ ಅಲ್ಲೇ ಇರಿಸಿಕೊಂಡರು. ನಾನೂ ಗೌರಮ್ಮನೂ ಸರದಿಯ ಮೇಲೆ ಜೊತೆಗಿದ್ದೆವು. ಫೋನಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅನುಮಾನಪಟ್ಟಿದ್ದು ನೆನೆದು, ಆಸ್ಪತ್ರೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಗೌರಮ್ಮ, "ನಿಮ್ಮನ್ನ ಏನೆಲ್ಲ ಬೈಕಂಡೆ ಗೊತ್ತಾ" ಅಂದಳು. "ಗಟ್ಟಿಯಾಗೇ ಬೈಬೇಕಿತ್ತು, ಬೇಗ ಗೊತ್ತಾಗ್ತಿತ್ತು" ಅಂದೆ. ಆ ವರ್ಷ ಯುಗಾದಿಗೆ ನಮ್ಮ ಮನೆಯಲ್ಲಿ ಬೇವು ಬೆಲ್ಲ ಬಿಟ್ಟರೆ ಇನ್ನೇನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆದರೆ ಅವಳೇ ಕೆಂಪು ಗೆರೆ ಹೊಡೆಯುತ್ತಾಳೆ. ಮಾತ್ರೆಗೆ ಬಾಯಿ ಒಣಗುತ್ತಿತ್ತು, ಹಗಲೆಲ್ಲ ತೂಕಡಿಕೆ. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಸಲ ಮತ್ತೆ ಕೆಳಗೆ ಇಳಿದಳು. ಆಗ ನಾನು ದಿನಾ ಬೆಳಿಗ್ಗೆ, ಕಾಫಿ ಆಯ್ತಾ ಅಂತ ಕೇಳುವ ಹಾಗೆ, "ಇವತ್ ಸಾಯೋ ಯೋಚ್ನೆ ಬಂತೇನೇ?" ಅಂತ ಕೇಳುತ್ತಿದ್ದೆ. ಮೊದಮೊದಲು ತಲೆ ತಗ್ಗಿಸುತ್ತಿದ್ದಳು. ಆಮೇಲೆ "ಬಂದಿತ್ತು, ಹೋಯ್ತು" ಅನ್ನತೊಡಗಿದಳು. ಬಂದು ಹೋಗದೆ ಕೂತ ದಿನ ತುಮಕೂರಿಗೆ ಫೋನ್ ಮಾಡುತ್ತಿದ್ದೆವು.

ಡಾಕ್ಟರಮ್ಮ ಅವಳಿಗೆ ಎರಡು ಹೋಂವರ್ಕ್ ಕೊಟ್ಟಿದ್ದರು. ದಿನಾ ಒಂದು ಕೆಲಸ ಅರ್ಧಕ್ಕೆ ಬಿಡಬೇಕು, ದಿನಾ ಯಾರನ್ನಾದರೂ ಏನಾದರೂ ಒಂದು ಕೇಳಿ ಮಾಡಿಸಿಕೊಳ್ಳಬೇಕು. ಅರ್ಧಕ್ಕೆ ಬಿಡುವುದು ಹೇಗೋ ಆಯಿತು, ಹಲ್ಲು ಕಚ್ಚಿಕೊಂಡು ಒಂದೊಂದು ಪಾತ್ರೆ ಹಾಗೇ ಬಿಡುತ್ತಿದ್ದಳು. ಕೇಳುವುದು ಮಾತ್ರ ಬೆಟ್ಟ ಹತ್ತಿದ ಹಾಗೆ.

ಒಂದು ದಿನ ಸಂಜೆಯಾದರೂ ಹೋಂವರ್ಕ್ ಆಗಿರಲಿಲ್ಲ. ಹತ್ತಿರ ಬಂದು, "ಅತ್ತೆ, ಟೈಮೆಷ್ಟು ನೋಡಿ ಹೇಳ್ತೀರಾ?" ಅಂದಳು. ಗಡಿಯಾರ ಅವಳ ಮುಂದಿನ ಗೋಡೆಯ ಮೇಲೇ ಇತ್ತು.

"ಇದು ಲೆಕ್ಕಕ್ಕಿಲ್ಲ. ಮೋಸ" ಅಂತ ಒಳಗಿನಿಂದ ಅನು ಕೂಗಿತು.

ಇನ್ನು ನನ್ನ ಸುಳ್ಳಿನ ವಿಷಯ. ಲಕ್ಷ್ಮಕ್ಕ ಅವತ್ತು ವಿಶೇಷನಾ ಅಂತ ಕೇಳಿದಾಗ ನಾನು ಬಾಯಿಬಿಡದಿದ್ದರೂ ನಕ್ಕು ಸುಳಿವು ಕೊಟ್ಟುಬಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ವಾರ ಅವಳು ಬಂದು, ದನಿ ತಗ್ಗಿಸಿ, "ಹೋಗ್ಬುಡ್ತಾ?" ಅಂದಳು. ಮನಸ್ಸಿನ ಕಾಯಿಲೆ ಅನ್ನುವುದಕ್ಕೆ ನನ್ನ ನಾಲಗೆ ಹೊರಳಲಿಲ್ಲ. ಊರೆಲ್ಲ ನೆಟ್ಟಗೆ ಮಾತಾಡುವವಳು ಅಂತ ಹೆಸರು ಪಡೆದ ನಾನು, "ಹೂಂ, ಹೋಯ್ತು. ನಿಲ್ಲಲಿಲ್ಲ" ಅಂದೆ. ಲಕ್ಷ್ಮಕ್ಕ ಕಣ್ಣೊರೆಸಿಕೊಂಡು ಹೋದಳು. ಮರುದಿನದಿಂದ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಶೈಲಾಳ ಮುಂದೆ ಕೂತು, ಇನ್ನೊಂದಾಗ್ತದೆ ಬುಡು ಅಂತ ಸಮಾಧಾನ ಹೇಳಿ ಹೋದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ನಾನೇ ಒಪ್ಪಿಕೊಂಡೆ.

ಅವಳು ನನ್ನನ್ನೇ ನೋಡುತ್ತಾ ಕೂತಳು. "ಅತ್ತೆ, ಇಲ್ದಿರೋ ಮಗೂನ ಸಾಯಿಸ್ಬುಟ್ರಲ್ಲ ನೀವು!" ಅಂದಳು. ಆಮೇಲೆ ನಗು ಬಂತು ಅವಳಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ತಡವಾಗಿ ಬಂದದ್ದಲ್ಲ. ಮಂಜುಳ ಓಡಿ ಬಂದು ಏನು ಏನು ಅಂತ ಕೇಳಿ, ತಾನೂ ಕೂಗಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಸುಳ್ಳಿಗೆ ನನಗೆ ನಾಚಿಕೆಯಾಗಿತ್ತು.

ದಸರಾ ಕಳೆದ ಮೇಲೆ ಮಂಜುಳನನ್ನು ಕರೆದುಕೊಂಡು ಹೋಗುವುದಕ್ಕೆ ಕೋರದಿಂದ ಅವಳ ಮಾವ ಬಂದರು. ಅವಳು ಎಷ್ಟೋ ಸುಧಾರಿಸಿದ್ದಳು. ಮಾತ್ರೆ ನಡೆಯುತ್ತಿತ್ತು, ಲೋಟಗಳು ಇದ್ದಲ್ಲೇ ಇರುತ್ತಿದ್ದವು. ಬೀಗರು ದೊಡ್ಡ ಮನುಷ್ಯರು, ಮಠಮಾನ್ಯದಲ್ಲಿ ಓಡಾಡುವವರು. ಸೊಸೆ ತವರಲ್ಲಿ ಇಷ್ಟು ದಿನ ಇದ್ದದ್ದಕ್ಕೆ ತಮ್ಮೂರಲ್ಲಿ ಬೆನ್ನುನೋವಿನ ಕತೆ ಹೇಳಿದ್ದರು. ಅವತ್ತು ಬೆಳಿಗ್ಗೆಯಿಂದಲೇ ಶೈಲಾಳ ಮುಖ ಬಾಡಿತ್ತು. ಕೇಳಿದೆ. "ಯೋಚ್ನೆ ಬಂದಿಲ್ಲ ಅತ್ತೆ. ಆದ್ರೆ ಕೈಕಾಲಲ್ಲಿ ಜೀವ ಇಲ್ಲ" ಅಂದಳು. ಹನ್ನೆರಡು ಗಂಟೆಗೆ, ಸಾರು ಒಲೆಯ ಮೇಲಿರುವಾಗ, ಹಿಟ್ಟಿನ ಕೋಲನ್ನು ನನ್ನ ಕೈಗೆ ಕೊಟ್ಟು, "ನಂಗಾಗಲ್ಲ" ಅಂತ ಹೋಗಿ ಮಲಗಿಬಿಟ್ಟಳು. ಮನೆಯಲ್ಲಿ ಬೀಗರು ಕೂತಿರುವಾಗ.

ಮುದ್ದೆ ನಾನೇ ತಿರುವಿದೆ. ಎಷ್ಟೋ ವರ್ಷವಾಗಿತ್ತು, ಗಂಟುಗಂಟಾಯಿತು. ಬೀಗರು ಒಂದು ಗಂಟನ್ನು ತಟ್ಟೆಯ ಅಂಚಿಗೆ ಸರಿಸಿ, ಸುತ್ತ ನೋಡಿ ಕೇಳಿದರು.

"ಸೊಸೆ ಕಾಣ್ತಿಲ್ಲ. ಊರಲ್ಲಿಲ್ವೇ?"

ಗಂಗಾಧರ ತಲೆ ಬಗ್ಗಿಸಿದ. ಮಂಜುಳ ನನ್ನ ಮುಖ ನೋಡಿದಳು.

"ಒಳಗ್ ಮಲಗವ್ಳೆ. ಮನಸ್ಸಿಗೆ ಹುಷಾರಿಲ್ಲ. ನಿಮ್ ಸೊಸೆಗೆ ಇರೋ ಕಾಯ್ಲೇನೇ" ಅಂದೆ.

ಬೀಗರ ಕೈ ತಟ್ಟೆಯಲ್ಲೇ ನಿಂತಿತು. ದನಿ ತಗ್ಗಿಸಿದರು. "ಇಂಥದ್ದನ್ನೆಲ್ಲ ಹೊರಗಡೆ ಹೇಳ್ಕಬಾರ್ದು ಬೀಗರೇ."

"ಆವತ್ತು ನಾನ್ ಬಾಯಿ ಮುಚ್ಕಂಡಿದ್ದಿದ್ರೆ ನೀವು ಈ ಮನೆಗೆ ಅವ್ಳ ತಿಥಿ ಊಟಕ್ಕೆ ಬರ್ತಿದ್ರಿ" ಅಂದೆ. "ಸಾರು ಹಾಕ್ಲಾ?"

ಬೀಗರು ತಟ್ಟೆಯನ್ನು ಮುಂದೆ ಸರಿಸಿದರು. ನಾನು ಸಾರು ಬಡಿಸುತ್ತಿರುವಾಗ ಒಳಗಿನ ಕೋಣೆಯಿಂದ ದನಿ ಬಂತು, ಜಗಲಿಯವರೆಗೂ ಕೇಳುವಷ್ಟು ಗಟ್ಟಿಯಾಗಿ.

"ಅತ್ತೆ, ನಂಗೂ ಅರ್ಧ ಮುದ್ದೆ. ಇಲ್ಲಿಗೇ ತಂದ್ಕೊಡಿ, ಏಳೋಕಾಗ್ತಿಲ್ಲ."

ಬೀಗರನ್ನು ಅಲ್ಲೇ ಬಿಟ್ಟು, ಒಂದು ತಟ್ಟೆಗೆ ಬಡಿಸಿಕೊಂಡು ಒಳಗೆ ಹೋದೆ.